ಅದೇ ಸಂಜೆಯ ಎರಡನೆಯ ಪೆಟ್ಟು

ನನ್ನ ಅಕ್ಕನ ಮಗನ ತಲೆಗೆ ಪೆಟ್ಟು ಬಿದ್ದದ್ದು ಯಾವ ದಿನ ಎಂಬ ಪ್ರಶ್ನೆಗೆ ಅವನದೊಂದು ಉತ್ತರವಿತ್ತು, ಅವನ ಹೆಂಡತಿಯದು ಇನ್ನೊಂದು. ಅವನಿಗೆ ಕುಸ್ತಿ ಕಲಿಸಿದ ಉಸ್ತಾದರು ಕೇಳಿದಾಗಲೆಲ್ಲ ಬೇರೆ ಬೇರೆ ಹೇಳುತ್ತಿದ್ದರು. ಕಲ್ಲಿನ ಮೇಲೆ ಕೆತ್ತಿದ ತಿಥಿಗೂ ವಾರಕ್ಕೂ ಸಂವತ್ಸರಕ್ಕೂ ಹೊಂದಿಕೆಯಿದೆಯೇ ಎಂದು ನೋಡುವುದರಲ್ಲೇ ನನ್ನ ಉದ್ಯೋಗದ ವರ್ಷಗಳೆಲ್ಲ ಕಳೆದವು. ಎಷ್ಟೋ ಶತಮಾನಗಳ ಹಿಂದೆ ತುರು ಕಾಯುತ್ತ ಸತ್ತವನ ಮರಣದ ದಿನವನ್ನು ವೀರಗಲ್ಲಿನ ಸವೆದ ಅಕ್ಷರಗಳಿಂದ ಗೊತ್ತುಮಾಡಿದ್ದೇನೆ. ಬದುಕಿರುವ, ಬೇಕೆಂದಾಗ ಫೋನಿನಲ್ಲಿ ಸಿಗುವ, ನನ್ನನ್ನು ಮಾವ ಎಂದು ಕರೆಯುವ ಮೂವತ್ತರ ಆಸುಪಾಸಿನ ಗಂಡಸಿಗೆ ಕೆಲವೇ ದಿನಗಳ ಹಿಂದೆ ಬಿದ್ದ ಪೆಟ್ಟಿನ ದಿನವನ್ನು ಗೊತ್ತುಮಾಡುವುದು ಅದಕ್ಕಿಂತ ಕಷ್ಟವಾಯಿತು. ಕಲ್ಲು ತನಗೆ ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

ಅವನ ಊರು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ಸ್ವಲ್ಪ ಹೊಲವಿದೆ, ಒಂದು ಸರಕಿನ ಗಾಡಿಯಿದೆ. ಸುತ್ತಲಿನ ತೋಟಗಳ ತೆಂಗಿನಕಾಯಿಯನ್ನು ಹೊಸದುರ್ಗದ ಮಾರುಕಟ್ಟೆಗೆ ಒಯ್ಯುತ್ತಾನೆ. ಒಯ್ದ ದಿನಗಳಲ್ಲಿ ಅಲ್ಲಿಯ ಗರಡಿ ಮನೆಗೆ ಹೋಗಿ ಮಣ್ಣಿಗಿಳಿದೇ ಊರಿಗೆ ಮರಳುವುದು. ಅಕ್ಕ, ಭಾವ ಇಬ್ಬರೂ ಈಗಿಲ್ಲ. ಆ ಮನೆಗೆ ಹಿರಿಯನೆಂದರೆ ಚಿತ್ರದುರ್ಗದಲ್ಲಿ ಕುಳಿತಿರುವ ಸೋದರಮಾವನಾದ ನಾನೇ.

ನನಗೆ ಕುಸ್ತಿ ಇಷ್ಟ. ಬರಿಯ ಮೇಲ್ನೋಟದವನ ಇಷ್ಟವಲ್ಲ ಅದು. ಎದುರಾಳಿಯ ಒಂದು ಕೈಯನ್ನು ಹೆಗಲ ಮೇಲೆಳೆದುಕೊಂಡು, ಅವನ ಭಾರವನ್ನೇ ತನ್ನ ಸೊಂಟದ ಮೇಲೆ ಉರುಳಿಸಿ, ಬಟ್ಟೆಯನ್ನು ಕಲ್ಲಿಗೆ ಒಗೆಯುವಂತೆ ನೆಲಕ್ಕೆ ಹಾಕುವ ಧೋಬಿ ಪಟ್ಟನ್ನು ಚೆನ್ನಾಗಿ ಹಾಕಿದವನನ್ನು ಕಂಡರೆ ಒಳ್ಳೆಯ ಶಾಸನಪದ್ಯ ಓದಿದಷ್ಟೇ ಸಂತೋಷ ನನಗಾಗುತ್ತದೆ. ನಿವೃತ್ತಿಯ ನಂತರ ಈ ಜಿಲ್ಲೆಯ ಗರಡಿ ಮನೆಗಳ ಆಚಾರಗಳನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನೂ ಬರೆದೆ. ಅದನ್ನು ಓದಿದವರು ಕಡಿಮೆ. ಆದರೆ ಅದರಿಂದಾಗಿ ಕುಸ್ತಿ ನಡೆಯುವಲ್ಲೆಲ್ಲ ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಸಿಗುತ್ತದೆ.

ದೀಪಾವಳಿ ಮುಗಿದು ಎರಡು ವಾರ ಕಳೆದಿದ್ದಾಗ ಅವನ ಹೆಂಡತಿ ಫೋನು ಮಾಡಿದಳು. ಆ ಹೆಣ್ಣುಮಗಳು ಹಿರಿಯೂರು ಕಡೆಯ ಆದಿವಾಲದವಳು. ಸುಮ್ಮಸುಮ್ಮನೆ ದೂರು ಹೇಳುವವಳಲ್ಲ. ಗರಡಿಯಲ್ಲಿ ತಲೆಗೆ ಪೆಟ್ಟು ಬಿದ್ದಿತ್ತಂತೆ, ಗಂಡನಿಗೆ ತಲೆನೋವು ಬಿಡುತ್ತಿಲ್ಲವೆಂದಳು, ಮಕ್ಕಳು ಗಲಾಟೆ ಮಾಡಿದರೆ ಕಿವಿ ಮುಚ್ಚಿಕೊಳ್ಳುತ್ತಾನೆಂದಳು. ಆಮೇಲೆ ನಿಜವಾಗಿ ಹೇಳಬೇಕೆಂದಿದ್ದನ್ನು ಹೇಳಿದಳು.

“ಗಾಡಿ ಸ್ಟಾರ್ಟ್ ಮಾಡಿ ಕುಂತ್ಕಂಡು, ನಾನು ಎಲ್ಲಿಗೆ ಹೊಂಟಿದ್ದೆ ಅಂತ ನನ್ನೇ ಕೇಳ್ತಾರೆ ಮಾವ. ತಮಾಷಿ ಮಾಡ್ತಾರೆ ಅಂದ್ಕಂಡಿದ್ದೆ. ತಮಾಷಿ ಅಲ್ಲ.”

ಮರುದಿನವೇ ಅವನನ್ನು ಚಿತ್ರದುರ್ಗಕ್ಕೆ ಕರೆಸಿ, ನರರೋಗದ ವೈದ್ಯರೊಬ್ಬರಲ್ಲಿಗೆ ಕರೆದುಕೊಂಡು ಹೋದೆ. ಅವರು ತಲೆಯ ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನ ವರದಿಯಲ್ಲಿ ‘ನಾರ್ಮಲ್’ ಎಂದಿತ್ತು. ಆ ಒಂದು ಪದ ನನಗೆ ಕೊಟ್ಟಷ್ಟು ತೊಂದರೆಯನ್ನು ಯಾವ ಶಾಸನದ ಯಾವ ಮುಕ್ಕಾದ ಅಕ್ಷರವೂ ಕೊಟ್ಟಿಲ್ಲ. ವೈದ್ಯರು ತಾಳ್ಮೆಯಿಂದಲೇ ವಿವರಿಸಿದರು: ಮೂಳೆ ಮುರಿದಿದ್ದರೆ, ಒಳಗೆ ರಕ್ತ ಸೋರಿದ್ದರೆ ಅದು ಚಿತ್ರದಲ್ಲಿ ಕಾಣುತ್ತದೆ, ಬುರುಡೆಯೊಳಗೆ ಮಿದುಳು ಅಲುಗಾಡಿ ಕೆಟ್ಟಿದ್ದರೆ ಸಾಮಾನ್ಯವಾಗಿ ಕಾಣುವುದಿಲ್ಲ, ಅದಕ್ಕೆ ಕನ್ಕಷನ್ ಎನ್ನುತ್ತಾರೆ, ಅದು ಪೂರ್ತಿ ಮಾಗುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಆಗುವ ಹಾನಿ ಎರಡು ಪೆಟ್ಟುಗಳ ಮೊತ್ತವಲ್ಲ, ಅದಕ್ಕಿಂತ ಬಹಳ ಹೆಚ್ಚು, ಪ್ರಾಣಕ್ಕೂ ಬರಬಹುದು. ಇದೆಲ್ಲವನ್ನೂ ನನ್ನ ಅಳಿಯ ತಲೆಯಾಡಿಸುತ್ತ ಕೇಳಿದ. ಹೊರಗೆ ಬಂದದ್ದೇ ತಾಳ್ಯಕ್ಕೆ ಫೋನು ಮಾಡಿ, ಏನೂ ಇಲ್ಲವಂತೆ, ನಾರ್ಮಲ್ ಅಂತ ಬರೆದೈತೆ ಎಂದ.

ಒಳಗಿದ್ದಾಗ ವೈದ್ಯರು ಎರಡು ಪ್ರಶ್ನೆ ಕೇಳಿದ್ದರು. ಪೆಟ್ಟು ಬಿದ್ದದ್ದು ಯಾವಾಗ? ಎಷ್ಟು ಸಲ? ದೀಪಾವಳಿ ಅಮಾವಾಸ್ಯೆಯ ದಿನ, ಗರಡಿಯಲ್ಲಿ, ಒಂದೇ ಸಲ ಎಂದು ಅವನು ತಡವರಿಸದೆ ಉತ್ತರಿಸಿದ. ತಲೆನೋವು ಈಗಿಲ್ಲವೆಂದೂ ಸೇರಿಸಿದ. ಕಾರ್ತಿಕದ ಕೊನೆಯ ಭಾನುವಾರ ಹಿರಿಯೂರಿನಲ್ಲಿ ಜಂಗಿ ಕುಸ್ತಿ ಇತ್ತು, ಹೊರಗಿನ ಜಿಲ್ಲೆಯ ಹೆಸರಾಂತ ಪೈಲ್ವಾನನೊಬ್ಬನ ಜೊತೆ ಅವನ ಜೋಡಿ ಗೊತ್ತಾಗಿತ್ತು. ಅದಕ್ಕೆ ಇಳಿಯಬಹುದೇ ಎಂದು ಕೇಳಿದ. ಅಷ್ಟು ಹೊತ್ತಿಗೆ ತಿಂಗಳಾಗುತ್ತದೆ, ಅಲ್ಲಿಯತನಕ ಪೂರ್ತಿ ವಿಶ್ರಾಂತಿಯಲ್ಲಿದ್ದು ಒಂದು ತೊಂದರೆಯೂ ಉಳಿಯದಿದ್ದರೆ ಆಗ ಬಂದು ತೋರಿಸಿ, ನೋಡೋಣ ಎಂದರು ವೈದ್ಯರು. ಈ ‘ನೋಡೋಣ’ವನ್ನು ಅವನು ‘ಆಗಬಹುದು’ ಎಂದು ಕೇಳಿಸಿಕೊಂಡ.

ನನಗೆ ಅಲ್ಲಿಯೇ ಅನುಮಾನ ಹುಟ್ಟಿತು. ಅಮಾವಾಸ್ಯೆಯ ದಿನ ಹೊಸದುರ್ಗದ ಆ ಗರಡಿಯ ಬಾಗಿಲು ತೆಗೆಯುವುದಿಲ್ಲ. ಹಿಂದಿನ ಸಂಜೆ ಮಣ್ಣನ್ನು ಗುಡ್ಡೆ ಹಾಕಿ, ಅದರ ನೆತ್ತಿಯಲ್ಲೊಂದು ದೀಪ ಇಟ್ಟು ಬೀಗ ಹಾಕಿದರೆ, ಪಾಡ್ಯದ ದಿನ ಕಾಯಿ ಒಡೆದ ಮೇಲೆಯೇ ಮಣ್ಣು ಹರಡುವುದು. ಇದನ್ನು ಕಣ್ಣಾರೆ ನೋಡಿ ನಾನೇ ಬರೆದಿದ್ದೇನೆ. ಹಾಗಿರುವಾಗ ಅಮಾವಾಸ್ಯೆಯ ದಿನ ಅಲ್ಲಿ ಯಾರ ತಲೆಗೂ ಪೆಟ್ಟು ಬೀಳಲು ಸಾಧ್ಯವಿಲ್ಲ. ಬಸ್ ನಿಲ್ದಾಣದಲ್ಲಿ ಇದನ್ನು ಅವನಿಗೆ ಹೇಳಿದೆ. ಹಾಗಾದರೆ ಹಿಂದಿನ ದಿನವೋ ಮುಂದಿನ ದಿನವೋ ಇರಬೇಕು, ಒಂದು ದಿನದಲ್ಲಿ ಏನು ಮಹಾ ಎಂದ. ಒಂದು ದಿನದ ಮಾತೋ ಹತ್ತು ದಿನದ ಮಾತೋ ಎಂಬುದೇ ಪ್ರಶ್ನೆ ಎಂದೆ. ಬಸ್ಸು ಬಂತು.

ಆ ವಾರ ತಾಳ್ಯಕ್ಕೆ ಹೋದೆ. ಅವನು ಹೊಲದಲ್ಲಿದ್ದ, ಅವನ ಹೆಂಡತಿ ಅಂಗಳದಲ್ಲಿ ರಾಗಿ ತೆನೆ ಹರಡುತ್ತಿದ್ದಳು. ಮದುವೆಯಾದ ಹೆಣ್ಣುಮಕ್ಕಳು ಹೇಳುವ ದಿನಗಳ ಮೇಲೆ ನನಗೆ ನಂಬಿಕೆ ಹೆಚ್ಚು, ಯಾಕೆಂದರೆ ಅವರ ದಿನಗಳು ಒಂದೊಂದೂ ಒಂದೊಂದು ಕೆಲಸಕ್ಕೆ ಗಂಟು ಬಿದ್ದಿರುತ್ತವೆ. ದೀಪಾವಳಿಗೆ ಅವಳು ಆದಿವಾಲದ ತವರಿನಲ್ಲಿದ್ದಳು, ಬಂದದ್ದು ಹಬ್ಬ ಕಳೆದು ವಾರಕ್ಕೆ. ಬಂದ ಮೇಲೆ ರಾಗಿ ಕೊಯ್ಲಿಗೆ ಆಳು ಹಿಡಿದದ್ದು, ಆಳುಗಳಿಗೆಂದು ಮಾಡಿದ ಸಾರು ಗಂಡನ ಹೊಟ್ಟೆಯಲ್ಲಿ ನಿಲ್ಲದೆ ಅವನು ಅಂಗಳದಲ್ಲಿ ವಾಂತಿ ಮಾಡಿಕೊಂಡದ್ದು. ಅದು ಹೊಸದುರ್ಗದಿಂದ ಅವನು ಬಂದ ಸಂಜೆ. ಕಣ್ಣು ಒಂದು ಥರ ಇತ್ತು, ದೃಷ್ಟಿಯಾಗಿರಬೇಕೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದಳು. ಕೊಯ್ಲಿಗೆ ಬಂದಿದ್ದ ಇಬ್ಬರನ್ನು ಪ್ರತ್ಯೇಕವಾಗಿ ಕೇಳಿದೆ. ಇಬ್ಬರೂ ಅದೇ ದಿನವನ್ನು ಹೇಳಿದರು. ಅಂದರೆ ಪೆಟ್ಟು ಬಿದ್ದದ್ದು ಅಮಾವಾಸ್ಯೆಗಲ್ಲ, ಅದಾಗಿ ಹತ್ತು ಹನ್ನೊಂದು ದಿನಕ್ಕೆ. ಹಿರಿಯೂರಿನ ಕುಸ್ತಿಯ ಹೊತ್ತಿಗೆ ತಿಂಗಳಾಗುವುದಿಲ್ಲ, ಮೂರು ವಾರವೂ ತುಂಬುವುದಿಲ್ಲ.

ಒಂದು ಪ್ರಶ್ನೆ ತೀರಿತು. ಎಷ್ಟು ಸಲ ಎಂಬ ಇನ್ನೊಂದು ಪ್ರಶ್ನೆಗೆ ಉತ್ತರ ನನ್ನ ಫೋನಿನಲ್ಲಿಯೇ ಇತ್ತು.

ಗರಡಿಯ ಹುಡುಗರು ಯಾರೋ ತೆಗೆದ ಒಂದು ವೀಡಿಯೊ ಕೆಲವು ದಿನಗಳ ಹಿಂದೆ ನನಗೂ ಬಂದಿತ್ತು. ಅದರಲ್ಲಿ ನನ್ನ ಅಳಿಯ ಒಂದು ಮಗ್ಗುಲಾಗಿ ಹಿಂದಕ್ಕೆ ಬೀಳುತ್ತಾನೆ. ತಲೆಯ ಹಿಂಭಾಗ ಅಖಾಡದ ಅಂಚಿನ ಗಟ್ಟಿ ನೆಲಕ್ಕೆ ಬಡಿಯುತ್ತದೆ. ಒಂದು ಗಳಿಗೆ ಅಲ್ಲಾಡುವುದಿಲ್ಲ. ಎದುರಾಳಿ ಎರಡೂ ಭುಜಗಳನ್ನು ಮಣ್ಣಿಗೆ ಒತ್ತುವ ಮೊದಲೇ ಉರುಳಿ ಎದ್ದು, ಅವನನ್ನು ಸೊಂಟದ ಮೇಲೆ ಹೊತ್ತು ಎಸೆಯುತ್ತಾನೆ. ಸುತ್ತ ನಿಂತವರ ಕೂಗು. ಯಾರು ಕಳಿಸಿದರೋ, ಎಷ್ಟು ಕೈ ದಾಟಿ ಬಂದಿತ್ತೋ, ಅದು ಬಂದ ದಿನದಿಂದ ನಡೆದ ದಿನವನ್ನು ಹೇಳುವಂತಿರಲಿಲ್ಲ. ಆದರೆ ಅದನ್ನು ನಾನು ಎಷ್ಟೋ ಸಲ ನೋಡಿದ್ದೆ, ಸಂಶೋಧನೆಗಾಗಿ ಅಲ್ಲ. ಆ ಎಸೆತ ಅಷ್ಟು ಚೆನ್ನಾಗಿತ್ತು. ತಾಳ್ಯದಿಂದ ಬಂದ ಮೇಲೆ ಬೇರೆ ಕಣ್ಣಿನಿಂದ ನೋಡಿದೆ. ವೀಡಿಯೊ ಶುರುವಾಗುವಾಗಲೇ, ಅಂದರೆ ಅವನಿನ್ನೂ ಬೀಳುವ ಮೊದಲೇ, ಅವನ ಹಣೆಯ ಮೇಲೆ ಒದ್ದೆ ಮಣ್ಣಿನ ದಪ್ಪ ಪಟ್ಟಿಯಿತ್ತು. ಮೈಗೆ ಹಚ್ಚಿಕೊಳ್ಳುವ ಒಣ ಮಣ್ಣಲ್ಲ, ನೀರಲ್ಲಿ ಕಲಸಿ ಯಾರೋ ಅಂಗೈಯಲ್ಲಿ ಒತ್ತಿದ ಮಣ್ಣು. ಹಣೆಗೆ ಹಾಗೆ ಮಣ್ಣು ಒತ್ತುವುದು ಯಾವಾಗ ಎಂದು ನನ್ನ ಪುಸ್ತಕದಲ್ಲಿ ಇರಲಿಲ್ಲ. ಕೇಳಲು ಹೊಸದುರ್ಗಕ್ಕೆ ಹೋದೆ.

ಉಸ್ತಾದರು ನನಗಿಂತ ಸ್ವಲ್ಪ ಚಿಕ್ಕವರು. ಅವರ ಮನೆತನ ತಲೆಮಾರುಗಳಿಂದ ಕುರಿ ಸಾಕಿದ್ದು. ನಮ್ಮದೂ ಅಷ್ಟೇ. ಅವರ ತಂದೆಯ ಕಾಲದಲ್ಲಿ ಕಾಳಗದ ಟಗರುಗಳಿಗೆ ಆ ಮನೆ ಹೆಸರಾಗಿತ್ತು. ತೆಂಗಿನ ಸಿಪ್ಪೆಯ ರಾಶಿಯ ಪಕ್ಕ ಕುರ್ಚಿ ಹಾಕಿಸಿ, ಕುಂತ್ಕಳ್ರಿ ಸಾರ್ ಎಂದು ಮಜ್ಜಿಗೆ ತರಿಸಿದರು. ಪೆಟ್ಟು ಬಿದ್ದದ್ದು ಯಾವತ್ತು ಎಂದು ಕೇಳಿದಾಗ ಅಮಾವಾಸ್ಯೆ ಎಂದರು. ಅಮಾವಾಸ್ಯೆಗೆ ಗರಡಿ ತೆಗೆಯುವುದಿಲ್ಲವಲ್ಲ ಎಂದೆ. ಹೌದಲ್ಲ, ಹಾಗಾದರೆ ಷಷ್ಠಿಯೋ ಏನೋ ಎಂದರು. ಮಜ್ಜಿಗೆ ಮುಗಿಯುವ ಹೊತ್ತಿಗೆ ಅದು ದಶಮಿಯೂ ಆಗಿತ್ತು. ಸುಳ್ಳು ಹೇಳುವ ಮುಖವಲ್ಲ ಅವರದು. ಅವರ ಪಾಲಿಗೆ ಅದು ದಿನ ನೆನಪಿಟ್ಟುಕೊಳ್ಳುವಂಥ ಸಂಗತಿಯೇ ಅಲ್ಲ. ಅವರ ಲೆಕ್ಕದಲ್ಲಿ ಮೂಳೆ ಮುರಿದರೆ ಪೆಟ್ಟು, ರಕ್ತ ಬಂದರೆ ಗಾಯ. ಉಳಿದದ್ದಕ್ಕೆ ಅವರಲ್ಲಿರುವ ಮಾತು ‘ಮಂಪರು’.

ವೀಡಿಯೊ ತೋರಿಸಿ ಹಣೆಯ ಮಣ್ಣಿನ ಬಗ್ಗೆ ಕೇಳಿದೆ. ಮುಚ್ಚಿಡುವುದು ಏನೂ ಇಲ್ಲವೆಂಬಂತೆ ಹೇಳಿದರು. ಆ ಸಂಜೆ ಮೊದಲ ಜೋಡಿಯಲ್ಲಿ ಇಬ್ಬರೂ ಒಟ್ಟಿಗೆ ಮುನ್ನುಗ್ಗಿ ತಲೆಗೆ ತಲೆ ಬಡಿದುಕೊಂಡಿದ್ದರು. ಇವನು ಕುಸಿದು ಕೂತ, ಹೆಸರು ಕೇಳಿದರೆ ಹೇಳಲಿಲ್ಲ. ತಣ್ಣೀರು ಹಾಕಿ, ಹಣೆಗೆ ಮಣ್ಣು ಒತ್ತಿ, ಸ್ವಲ್ಪ ಹೊತ್ತು ಬಿಟ್ಟು, ಅದೇ ಎದುರಾಳಿಯ ಜೊತೆಗೇ ಮತ್ತೆ ಇಳಿಸಿದರು. ಅದಕ್ಕೆ ಮಂಪರು ಬಿಡಿಸುವುದು ಎನ್ನುತ್ತಾರೆ.

“ಅದೇ ದಿನ ಯಾಕೆ ಇಳಿಸಿದಿರಿ?” ಎಂದೆ.

“ಅದೇ ದಿನವೇ ಇಳಿಸ್ಬೇಕು ಸಾರ್. ಟಗರು ಗುದ್ದಿ ಹಿಂದೆ ಸರಿದ್ರೆ ಹೊತ್ತು ಮುಳುಗೋದ್ರೊಳಗೆ ಇನ್ನೊಂದ್ಸಲ ಗುದ್ದಿಸ್ತಿದ್ರು ನಮ್ಮಪ್ಪ. ಒಂದು ದಿನ ಬಿಟ್ರೆ ಅದರ ತಲೇಲಿ ಅಂಜಿಕೆ ಕುಂತ್ಬಿಡ್ತೈತೆ. ಆಮೇಲೆ ಅದು ಕಣಕ್ಕಿಳಿಯಂಗಿಲ್ಲ, ಕಡಿಯಾಕಷ್ಟೇ ಬರೋದು.”

“ಟಗರಿನ ಹಣೆಯ ಮೂಳೆಯನ್ನು ಗುದ್ದುವುದಕ್ಕೆಂದೇ ದೇವರು ಕಟ್ಟಿದ್ದಾನೆ. ಮನುಷ್ಯನದನ್ನು ಹಾಗೆ ಕಟ್ಟಿಲ್ಲ.”

“ಅಂಜಿಕೆ ಇಬ್ರಿಗೂ ಒಂದೇ ಅಲ್ವ್ರಾ?”

ಅಂಜಿಕೆಯ ಮಟ್ಟಿಗೆ ಅವರು ಹೇಳಿದ್ದು ಸರಿ. ಅವನು ಎದ್ದು ಎಸೆದದ್ದನ್ನು ನೋಡಿ ಎಂದರು. ಅಂಜಿಕೆ ಬಿಟ್ಟಿದೆ, ಗುಣವಾಗಿದೆ, ವೀಡಿಯೊದಲ್ಲಿಯೇ ಸಾಕ್ಷಿಯಿದೆ. ಆ ಗರಡಿಯಲ್ಲಿ ಎಷ್ಟೋ ಜನರಿಗೆ ಹೀಗೆಯೇ ಮಂಪರು ಬಿಡಿಸಿದ್ದೇವೆ, ಎಲ್ಲರೂ ಚೆನ್ನಾಗಿದ್ದಾರೆ ಎಂದರು. ಎಲ್ಲರೂ ಎಂದರೆ ಯಾರು, ಈಗ ಎಲ್ಲಿದ್ದಾರೆ, ಹೇಗಿದ್ದಾರೆ ಎಂದು ಒಬ್ಬೊಬ್ಬರನ್ನೇ ಕೇಳತೊಡಗಿದೆ. ಅವರಿಗೆ ಬೇಸರವಾಯಿತು. ನಾನು ವೈದ್ಯರು ಹೇಳಿದ್ದನ್ನು ಹೇಳಿದೆ. ಸ್ಕ್ಯಾನ್ ನಾರ್ಮಲ್ ಐತಂತಲ್ಲ ಎಂದರು. ನಾನು ಸ್ಕ್ಯಾನಿನ ಮಿತಿಯನ್ನು ಹೇಳಿದೆ. ಕಾಣದ್ದನ್ನು ಐತೆ ಅಂತ ಹೇಳೋರು ಡಾಕ್ಟ್ರೋ ಮಂತ್ರವಾದಿನೋ ಎಂದು ಪಕ್ಕದಲ್ಲಿ ಸಿಪ್ಪೆ ಸುಲಿಯುತ್ತಿದ್ದವನು ನಕ್ಕ. ಅರ್ಧ ದಿನದ ವಾದದಲ್ಲಿ ನಾನು ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಟಗರಿನ ಕಾಳಗ ನಡೆಸಿದರೆ ಪೊಲೀಸರು ನಿಲ್ಲಿಸಲು ಬರುತ್ತಾರೆ, ಮನುಷ್ಯರ ಕಾಳಗಕ್ಕೆ ಬಂದೋಬಸ್ತಿಗೆ ಬರುತ್ತಾರೆ ಎಂದು ಬಸ್ಸಿನಲ್ಲಿ ಪಕ್ಕದವರಿಗೆ ಹೇಳಿದೆ. ಅವರು ಅದನ್ನು ಹಾಸ್ಯವೆಂದುಕೊಂಡರು.

ವೈದ್ಯರಿಗೆ ಎರಡೂ ಉತ್ತರಗಳನ್ನು ಮುಟ್ಟಿಸಿದೆ. ಈ ಸಲ ಅವರು ‘ನೋಡೋಣ’ ಎನ್ನಲಿಲ್ಲ. ಇಳಿಯಲೇ ಕೂಡದು, ಗಾಡಿ ಓಡಿಸುವುದನ್ನೂ ಸದ್ಯಕ್ಕೆ ನಿಲ್ಲಿಸಲಿ, ಕೂಡಲೇ ಮತ್ತೆ ಕರೆದುಕೊಂಡು ಬನ್ನಿ ಎಂದರು. ಅಳಿಯನಿಗೆ ಫೋನಿನಲ್ಲಿ ಹೇಳಿದೆ. ನೀನು ವೈದ್ಯರಿಗೆ ಸುಳ್ಳು ಹೇಳಿದೆ ಎಂದೆ. ದಿನವೂ ಸುಳ್ಳು, ಎಷ್ಟು ಸಲ ಎಂಬುದೂ ಸುಳ್ಳು ಎಂದೆ.

“ಮುಂದಿನ ಸಾಲಿನಾಗೆ ಕುಂತು ಚಪ್ಪಾಳೆ ಹೊಡೆಯೋವಾಗ ತಲೆ ವಿಚಾರ ಇರ್ಲಿಲ್ಲ ನಿಮ್ಗೆ” ಎಂದ. “ವೀಡಿಯೊ ನೋಡಿ, ಭೇಷ್ ಅಳಿಯ ಅಂತ ಕಳಿಸಿದ್ದು ನೀವೇ ಮಾವ. ಈಗ ಹೆದ್ರುಸ್ತೀರಿ.”

ಕಳಿಸಿದ್ದು ನಿಜ. ಫೋನಿನಲ್ಲಿ ಇನ್ನೂ ಇದೆ, ದಿನಾಂಕ ಸಮೇತ.

ಮುಂದಿನ ದಿನಗಳಲ್ಲಿ ಅವನು ನನ್ನ ಫೋನು ತೆಗೆಯಲಿಲ್ಲ. ಅವನ ಹೆಂಡತಿಯೂ ಹೇಳಿ ಸೋತಿದ್ದಳು. ಅಕ್ಕ ಇದ್ದಿದ್ದರೆ ಎಂದು ಅಂದುಕೊಂಡೆ. ಆಮೇಲೆ, ಅಕ್ಕನೂ ಕುರಿ ಸಾಕಿದ ಮನೆಯ ಮಗಳೇ ಎಂಬುದು ನೆನಪಾಯಿತು. ಈ ನಡುವೆ ನನ್ನನ್ನು ಇನ್ನೊಂದು ಸಂಗತಿ ಕಾಡುತ್ತಿತ್ತು. ಇಷ್ಟು ವರ್ಷ ನಾನು ಪಟ್ಟುಗಳ ಹೆಸರುಗಳನ್ನು, ಅವುಗಳ ಮೂಲವನ್ನು, ಗರಡಿಯ ದೇವರುಗಳನ್ನು, ಮಣ್ಣಿಗೆ ಹಾಕುವ ಎಣ್ಣೆ ಅರಿಶಿನಗಳನ್ನು ಕೇಳಿ ಬರೆದುಕೊಂಡೆ. ಕುಸ್ತಿ ಬಿಟ್ಟ ಮೇಲೆ ಯಾರು ಹೇಗಿದ್ದಾರೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಹಾಗೆ ಕೇಳಿ ತಿಳಿದ ಮೇಲೂ ಆ ಎಸೆತವನ್ನು ನೋಡಿ ಸಂತೋಷಪಡಲು ಆಗುತ್ತದೆಯೇ? ಆಗುತ್ತದೆ ಎಂದೇ ನನ್ನ ಅನುಮಾನ, ಸಿಟ್ಟು ಬರುವುದು ಅದಕ್ಕೇ. ತಿಳಿವಳಿಕೆ ಬಂದರೆ ಇಷ್ಟ ತಾನಾಗಿ ಹೋಗುತ್ತದೆ ಎಂದು ನಂಬಿ ಬದುಕಿದವನು ನಾನು. ಹೋಗಲಿಲ್ಲ.

ಹಿರಿಯೂರಿನ ಆ ಕುಸ್ತಿಗೆ ನನ್ನನ್ನು ಅತಿಥಿಯಾಗಿ ಮೊದಲೇ ಕರೆದಿದ್ದರು. ಪೆಟ್ಟಿನ ಸುದ್ದಿ ಬರುವ ಮೊದಲೇ ಒಪ್ಪಿದ್ದೆ. ಬರುವುದಿಲ್ಲವೆಂದು ಹೇಳಲು ಫೋನು ಎತ್ತಿಕೊಂಡಾಗ ಅತಿಥಿಯ ಕೆಲಸವೇನು ಎಂಬುದು ಹೊಳೆಯಿತು. ನಮ್ಮ ಕಡೆ ಜೋಡಿಯ ಕೈ ಕೂಡಿಸದೆ ಕುಸ್ತಿ ಶುರುವಾಗುವುದಿಲ್ಲ. ಇಬ್ಬರೂ ಅಂಗೈಯಲ್ಲಿ ಮಣ್ಣು ಹಿಡಿದು ಬಂದು ನಿಲ್ಲುತ್ತಾರೆ. ಹಿರಿಯನೊಬ್ಬ ಇಬ್ಬರ ಬಲಗೈಗಳನ್ನು ಹಿಡಿದು ಒಂದಕ್ಕೊಂದು ಸೇರಿಸಿ ಹಿಂದೆ ಸರಿಯುತ್ತಾನೆ. ಇದಕ್ಕೆ ಸೇರಿದ ಇನ್ನೊಂದು ಕಟ್ಟಳೆಯನ್ನು ಎರಡು ಊರುಗಳ ಮುದುಕರಿಂದ ಕೇಳಿ ಪುಸ್ತಕದ ಅಡಿಟಿಪ್ಪಣಿಯಲ್ಲಿ ಹಾಕಿದ್ದೆ. ಹಿರಿಯನೊಬ್ಬ ಕೂಡಿಸಲು ಒಪ್ಪದೆ ಹಿಂದೆಗೆದ ಜೋಡಿಯನ್ನು ಆ ದಿನ ಬೇರೆ ಯಾರೂ ಕೂಡಿಸುವುದಿಲ್ಲ, ಕೂಡಿಸಿದವನ ಮನೆಗೆ ಒಳ್ಳೆಯದಲ್ಲ. ಈಗ ಬಳಕೆಯಲ್ಲಿಲ್ಲ ಎಂದೂ ಬರೆದಿದ್ದೆ.

ಭಾನುವಾರ ಮಧ್ಯಾಹ್ನ ಹಿರಿಯೂರಿನ ಹೊರಗಿನ ಬಯಲಿನಲ್ಲಿ ಶಾಮಿಯಾನ, ಧ್ವನಿವರ್ಧಕ, ಕಬ್ಬಿನ ಹಾಲಿನ ಗಾಡಿ, ಬೇಲಿಯ ಮೇಲೆ ಹತ್ತಿ ಕುಳಿತ ಜನ. ಅಳಿಯ ಬಂದು ಕಾಲು ಮುಟ್ಟಿದ, ಮುಖ ನೋಡಲಿಲ್ಲ. ಹೇಗಿದೀಯ ಎಂದೆ. ಚೆನ್ನಾಗಿದೀನಿ ಎಂದ. ಮೊದಲ ಎರಡು ಜೋಡಿಗಳ ಕೈ ಕೂಡಿಸಿದೆ. ಮೂರನೆಯದಾಗಿ ಅವನ ಹೆಸರನ್ನು ಕರೆದರು. ಹೊರಜಿಲ್ಲೆಯ ಪೈಲ್ವಾನ ಈ ಕಡೆ, ಇವನು ಆ ಕಡೆ ನಿಂತರು. ಬಿಸಿಲಿಗೆ ಇವನ ಎಡಗಣ್ಣು ಅರ್ಧ ಮುಚ್ಚಿತ್ತು. ಕೈಗಳನ್ನು ಹಿಡಿದೆ, ಮತ್ತೆ ಬಿಟ್ಟೆ. ಈ ಜೋಡಿಯ ಕೈ ನಾನು ಕೂಡಿಸುವುದಿಲ್ಲ ಎಂದೆ. ಮೈಕು ಹತ್ತಿರವೇ ಇತ್ತು, ಬಯಲಿಗೆಲ್ಲ ಕೇಳಿಸಿತು.

ಸಂಘಟಕರು ಬಂದು ಕಿವಿಯಲ್ಲಿ, ಸುಮ್ಮನೆ ಮುಟ್ಟಿಸಿ ಸಾಕು ಸಾರ್ ಎಂದರು. ನಾನು ಪೆಟ್ಟಿನ ವಿಷಯ, ವೈದ್ಯರು ಹೇಳಿದ್ದು, ತಾರೀಖುಗಳು ಎಲ್ಲವನ್ನೂ ಹೇಳಿದೆ. ಯಾರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ವೇದಿಕೆಯಲ್ಲಿದ್ದ ಊರಿನ ಗಣ್ಯರೊಬ್ಬರನ್ನು ಕರೆದರು, ಅವರು ಎದ್ದು ಬಂದರು. ಆಗ ಎದುರಾಳಿಯ ಕಡೆಯ ವಯಸ್ಸಾದ ಉಸ್ತಾದರು ತಮ್ಮ ಪೈಲ್ವಾನನ ಮುಂಗೈ ಹಿಡಿದು ಹಿಂದಕ್ಕೆಳೆದರು. ಹಿರಿಯರು ಹಿಂದೆಗೆದ ಜೋಡಿ, ನಾವು ಇವತ್ತು ಇಳಿಸುವುದಿಲ್ಲ ಎಂದರು. ಬಂದಿದ್ದ ಗಣ್ಯರೂ ಕೈಯನ್ನು ಜೇಬಿಗೆ ಹಾಕಿಕೊಂಡು ಮರಳಿದರು. ವೈದ್ಯಶಾಸ್ತ್ರದಿಂದ ಆಗದ್ದು, ಹತ್ತು ಕಡೆ ಓಡಾಡಿ ಗೊತ್ತುಮಾಡಿದ ದಿನದಿಂದ ಆಗದ್ದು, ನಾನೇ ಸತ್ತುಹೋಗಿದೆ ಎಂದು ಬರೆದ ಒಂದು ಹೆದರಿಕೆಯಿಂದ ಆಯಿತು. ಗೆದ್ದೆ ಎಂದು ಸಂತೋಷಪಡಲು ನನ್ನಿಂದಾಗಲಿಲ್ಲ.

ಬೇಲಿಯ ಕಡೆಯಿಂದ ಸಿಳ್ಳೆ ಬಂತು. “ಅಳಿಯನ್ನ ಕಂಕುಳಾಗೆ ಎತ್ಕಂಡ್ ಹೋಗ್ರಿ ಮಾವ, ಮಣ್ಣು ಮೆತ್ಕಂಡೀತು” ಎಂದು ಯಾರೋ ಕೂಗಿದರು. ಜನ ನಕ್ಕರು. ಅಳಿಯ ಅಂಗೈಯ ಮಣ್ಣನ್ನು ಕೊಡವಿ, ಟವೆಲ್ಲನ್ನು ತಲೆಯ ಮೇಲೆ ಹಾಕಿಕೊಂಡು ಶಾಮಿಯಾನದ ಹಿಂದಕ್ಕೆ ಹೋದ. ಹೊಸದುರ್ಗದ ಉಸ್ತಾದರು ನನ್ನ ಬಳಿ ನಿಂತು, ಬೈಯುವ ದನಿಯಲ್ಲಲ್ಲ, ದುಃಖದಲ್ಲಿ ಹೇಳಿದರು: “ಇವನು ಇನ್ನು ಇಳಿಯಂಗಿಲ್ಲ ಸಾರ್. ನೀವೇ ಮುಗಿಸಿದ್ರಿ.”

ನಾನು ಅಲ್ಲಿಂದ ಹೊರಟುಹೋಗಬೇಕಿತ್ತು. ನಾಲ್ಕನೆಯ ಜೋಡಿ ಬಂದು ನಿಂತಿತು. ಜನ ಕಾಯುತ್ತಿದ್ದರು, ಸಂಘಟಕರ ಮುಖ ಸುಟ್ಟಂತಾಗಿತ್ತು. ಆದ ಅವಮಾನವನ್ನು ಸ್ವಲ್ಪವಾದರೂ ಸರಿಪಡಿಸುವ ಆತುರದಲ್ಲಿ ಆ ಇಬ್ಬರ ಕೈಗಳನ್ನು ಹಿಡಿದು ಕೂಡಿಸಿ, ಕುರ್ಚಿಗೆ ಮರಳಿ ಕುಳಿತೆ. ಒಬ್ಬ ಗಿಡ್ಡ, ಗಟ್ಟಿಮುಟ್ಟಿನವನು. ಇನ್ನೊಬ್ಬ ಎತ್ತರ, ಸಣಕಲ. ಬಹಳ ಹೊತ್ತು ಕತ್ತು ಹಿಡಿದು ತೂಗಾಡಿದರು. ಆಮೇಲೆ ಗಿಡ್ಡವನು ಒಳಕ್ಕೆ ನುಗ್ಗಿ, ಎತ್ತರದವನನ್ನು ಬುಡ ಸಮೇತ ಎತ್ತಿ ಹಿಂದಕ್ಕೆ ಹಾಕಿದ. ಬಿದ್ದವನ ತಲೆ ಮೊದಲು ನೆಲ ಮುಟ್ಟಿತು. ಬಯಲು ಎದ್ದು ನಿಂತಿತು. ಕೂಗು ಇಳಿದ ಮೇಲೆ ನೋಡಿಕೊಂಡರೆ ನಾನೂ ನಿಂತಿದ್ದೆ.

ಶಾಮಿಯಾನದ ಹಿಂದೆ ಬೇವಿನ ಮರದ ಕೆಳಗೆ ಅಳಿಯ ಕುಳಿತಿದ್ದ. ಮನೆಗೆ ಹೋಗೋಣ ಎಂದೆ. ಅವನು ಏಳಲಿಲ್ಲ.

“ಆ ಇಬ್ರು ಕೈ ಕೂಡ್ಸಿದ್ರಲ್ಲ. ಅವ್ರನ್ನ ಕೇಳಿದ್ರಾ ಮಾವ?”

“ಏನನ್ನು?”

“ನನ್ನ ಕೇಳಿದ್ದನ್ನ.”

ತಡವಾದರೂ ಕೇಳಿಯೇ ಬಿಡುವುದು ಎಂಬ ಹಟದಲ್ಲಿ ನೀರಿನ ಟ್ಯಾಂಕರಿನ ಕಡೆಗೆ ಹೋದೆ. ಸೋತ ಎತ್ತರದವನು ನಲ್ಲಿಯ ಕೆಳಗೆ ತಲೆಯಿಟ್ಟು ಮಣ್ಣು ತೊಳೆಯುತ್ತಿದ್ದ. ನನ್ನನ್ನು ಕಂಡು ನಮಸ್ಕಾರ ಮಾಡಿದ. ನಿಮ್ಮ ತಲೆಗೆ ಪೆಟ್ಟೇನಾದರೂ ಬಿದ್ದಿತ್ತೇ ಎಂದೆ.

“ಯಾವುದನ್ನ ಕೇಳ್ತಿದೀರಿ ಸಾರ್, ಈಗಿಂದನ, ಹಿಂದಿಂದನ?”

“ಹಿಂದಿನದು. ಇತ್ತೀಚೆಗೆ ಯಾವಾಗ?”

ಅವನು ನಕ್ಕು, ಕಿವಿಯೊಳಗಿನ ನೀರನ್ನು ತಲೆ ಓರೆ ಮಾಡಿ ಕೊಡವಿಕೊಂಡ. ಅದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದ. ವೈದ್ಯರಿಗೆ ತೋರಿಸಿ ಎಂದು ಹೇಳಿ, ಚಿತ್ರದುರ್ಗದ ವೈದ್ಯರ ವಿಳಾಸ ಹೇಳಿದೆ. ಆಗಲಿ ಸಾರ್ ಎಂದ. ಬರೆದುಕೊಳ್ಳಲಿಲ್ಲ.

ಮರಳಿ ಬಂದಾಗ, ಅವನು ಏನಂದ ಎಂದು ಅಳಿಯ ಕೇಳಿದ. ಇದ್ದದ್ದನ್ನು ಹೇಳಿದೆ. ಅವನು ಬೇವಿನ ಕಡ್ಡಿಯೊಂದನ್ನು ಎತ್ತಿಕೊಂಡು ಮುರಿಯತೊಡಗಿದ. ಒಳಗೆ ಇನ್ನೊಂದು ಜೋಡಿಯ ಹೆಸರು ಕರೆಯುತ್ತಿದ್ದರು.

“ನಾನು ಸುಳ್ಳು ಹೇಳ್ಲಿಲ್ಲ ಮಾವ” ಎಂದ. “ಆ ಸಂಜೇದು ಯಾವ್ದೂ ನಂಗೆ ನೆಪ್ಪೇ ಇಲ್ಲ. ತಲೆಗೆ ತಲೆ ಬಡ್ದಿದ್ದೂ ಇಲ್ಲ, ಬಿದ್ದಿದ್ದೂ ಇಲ್ಲ, ಎದ್ದು ಎಸೆದಿದ್ದೂ ಇಲ್ಲ. ವೀಡಿಯೊ ನೋಡಿ, ಓ ಇದು ನಾನೇ ಅಂದ್ಕಂಡೆ. ಯಾವತ್ತು ಅಂತ ಉಸ್ತಾದ್ರನ್ನ ಕೇಳ್ದೆ, ಅಮಾಸೆ ಅಂದ್ರು. ನಾನೂ ಅಮಾಸೆ ಅಂದೆ.”

ಅಷ್ಟು ದಿನ ನಾನು ಯಾರ ಹೇಳಿಕೆಯನ್ನು ಹಿಡಿದು ಅಲ್ಲಾಡಿಸುತ್ತಿದ್ದೆನೋ ಅವನು ಆ ಘಟನೆಗೆ ಸಾಕ್ಷಿಯೇ ಆಗಿರಲಿಲ್ಲ. ನಾನು ಭೇಷ್ ಎಂದು ಬರೆದು ಕಳಿಸಿದ ಆ ಎಸೆತವನ್ನು ಎಸೆದವನಿಗಿಂತ ಹೆಚ್ಚಾಗಿ ನಾನೇ ಬಲ್ಲೆ. ಯಾಕೆ ಮೊದಲೇ ಹೇಳಲಿಲ್ಲ ಎಂದು ಗದರಬೇಕೆನಿಸಿತು. ಫೋನಿನಲ್ಲಿ ಸುಳ್ಳುಗಾರ ಎಂದವನಿಗೆ ಯಾವ ಬಾಯಿಯಿಂದ ಹೇಳುತ್ತಾನೆ?

“ನಾಳೆ ಬೆಳಿಗ್ಗೆ ಡಾಕ್ಟರ್ ಹತ್ತಿರ ಹೋಗೋಣ” ಎಂದೆ.

“ಹೋಗಾಣ. ಏನಂತ ಹೇಳ್ಲಿ?”

“ನೆನಪಿಲ್ಲ ಅಂತ ಹೇಳು.”

ಅವನು ಕಡ್ಡಿ ಬಿಸಾಡಿ ಎದ್ದ. ಎದ್ದ ರಭಸಕ್ಕೆ ಒಂದು ಕ್ಷಣ ತೂಗಾಡಿ ಮರದ ಕಾಂಡವನ್ನು ಹಿಡಿದುಕೊಂಡ. ನಾನು ಅವನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಅವನ ಮೊಣಕೈ ಹಿಡಿದೆ. ಇಬ್ಬರೂ ಬಸ್ಸು ನಿಲ್ಲುವ ಕಡೆಗೆ ನಡೆದೆವು.